ಗೊಣಗಾಟ ಬಿಟ್ಟು ಕೃತಜ್ಞತೆ: ಯೆಹೂದ್ಯರ ದಿನಚರಿಯಿಂದ ಒಂದು ಪಾಠ

ಊರು ಬಿಟ್ಟು ಪರಸ್ಥಳದಲ್ಲಿ ದುಡಿಯುವ ನಮಗೆ ಗೊಣಗಲು ಕಾರಣಗಳ ಕೊರತೆಯಿಲ್ಲ. ನಲ್ಲಿಯಲ್ಲಿ ನೀರು ನಿಲ್ಲುತ್ತದೆ. ಖಾನಾವಳಿಯ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಾಗುತ್ತದೆ. ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಚೇರಿಯಲ್ಲಿ ಮೇಲಿನವರ ಮುಖ ಸದಾ ಗಂಟು. ಇವು ಯಾವುವೂ ಸುಳ್ಳಲ್ಲ. ಆದರೆ ದಿನವೆಲ್ಲ ಇವನ್ನೇ ಆಡಿಕೊಂಡವನಿಗೆ ರಾತ್ರಿ ಉಳಿಯುವುದೇನು? ನಲ್ಲಿಯಲ್ಲಿ ನೀರು ಹೆಚ್ಚುವುದಿಲ್ಲ, ಸಾರು ಗಟ್ಟಿಯಾಗುವುದಿಲ್ಲ. ಜತೆಯಲ್ಲಿರುವ ಕೋಣೆಯವರ ಮನಸ್ಸು ಮಾತ್ರ ಕಹಿಯಾಗುತ್ತದೆ.

ಹಾಗೆಂದು ಎಲ್ಲವನ್ನೂ ನಗುನಗುತ್ತ ಸಹಿಸಿಕೊಳ್ಳಿರೆಂಬ ಉಪದೇಶವೂ ದುಡಿಯುವವನಿಗೆ ರುಚಿಸದು, ರುಚಿಸಲೂ ಬಾರದು. ಇವೆರಡರ ನಡುವೆ ದಾರಿಯುಂಟೇ? ನೆಲೆ ತಪ್ಪಿ ಅಲೆಯುವ ಕಷ್ಟವನ್ನು ಶತಮಾನಗಳ ಕಾಲ ಕಂಡ ಜನಾಂಗವೊಂದು ಈ ಪ್ರಶ್ನೆಯನ್ನು ತನ್ನ ದಿನಚರಿಯೊಳಗೇ ತಂದು ಬಿಡಿಸಲು ನೋಡಿತು. ಅವರೇ ಯೆಹೂದ್ಯರು. ಅವರ ಮತವನ್ನು ಬೋಧಿಸುವುದು ನಮ್ಮ ಉದ್ದೇಶವಲ್ಲ. ಅವರು ಕೃತಜ್ಞತೆಯನ್ನು ಹೇಗೆ ಅಭ್ಯಾಸ ಮಾಡಿಕೊಂಡರು, ಅದರಲ್ಲಿ ನಮಗೆ ಸಲ್ಲುವುದೇನು ಎಂದು ನೋಡುವುದಷ್ಟೇ ಈ ಪಾಠದ ಗುರಿ.

ಹೆಸರಿನಲ್ಲೇ ಇರುವ ಅರ್ಥ

ಯೆಹೂದ್ಯ ಎಂಬ ಹೆಸರು ಯೆಹೂದನೆಂಬ ಪೂರ್ವಿಕನಿಂದ ಬಂದದ್ದು. ಅವನು ಹುಟ್ಟಿದ ಕಥೆ ಬೈಬಲಿನ ಆದಿಕಾಂಡದ 29ನೆಯ ಅಧ್ಯಾಯದಲ್ಲಿದೆ. ಯಾಕೋಬನಿಗೆ ಲೇಯಾ, ರಾಹೇಲ ಎಂಬ ಅಕ್ಕತಂಗಿಯರಿಬ್ಬರೂ ಹೆಂಡಿರು. ಗಂಡನ ಒಲವೆಲ್ಲ ತಂಗಿಯ ಮೇಲೆ. ಲೇಯಾ ತನ್ನ ಮೊದಲ ಮೂರು ಮಕ್ಕಳಿಗೆ ಇಟ್ಟ ಹೆಸರುಗಳಲ್ಲೆಲ್ಲ ಅವಳ ನೋವು, ಗಂಡನು ಇನ್ನಾದರೂ ತನ್ನ ಕಡೆ ತಿರುಗಿಯಾನೆಂಬ ಆಸೆ ತುಂಬಿದ್ದವು. ನಾಲ್ಕನೆಯವನು ಹುಟ್ಟಿದಾಗ ಮಾತ್ರ ಅವಳು, ಈ ಸಲ ದೇವರನ್ನು ಕೊಂಡಾಡುವೆನೆಂದು ನಿಶ್ಚಯಿಸಿ ಅವನಿಗೆ ಯೆಹೂದನೆಂದು ಹೆಸರಿಟ್ಟಳು. ಗಂಡನ ಮನಸ್ಸು ಆಗಲೂ ತಿರುಗಿರಲಿಲ್ಲ ಎಂಬುದನ್ನು ಗಮನಿಸಿರಿ. ಕೊರತೆ ಕೊರತೆಯಾಗಿಯೇ ಇತ್ತು. ಆದರೂ ಕೈಗೆ ಬಂದದ್ದನ್ನು ಅವಳು ಕಂಡಳು.

ಹೀಬ್ರೂ ಭಾಷೆಯಲ್ಲಿ ಈ ಹೆಸರಿಗೆ ನಂಟಾದ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು: ಉಪಕಾರವನ್ನು ಸ್ಮರಿಸುವುದು ಒಂದು, ಒಪ್ಪಿಕೊಳ್ಳುವುದು ಇನ್ನೊಂದು. ಅಂದರೆ, ಇದು ನನ್ನೊಬ್ಬನ ಕೈಯಿಂದ ಆದದ್ದಲ್ಲವೆಂದು ಒಪ್ಪಿಕೊಂಡ ಹೊರತು ಉಪಕಾರ ಸ್ಮರಣೆ ಬಾಯಿಗೆ ಬಾರದು. ಕೃತಜ್ಞತೆಗೆ ಅವರು ಹೇಳುವ ಮಾತು 'ಹಕಾರತ್ ಹತೋವ್', ಒಳ್ಳೆಯದನ್ನು ಗುರುತಿಸುವುದು. ನಮ್ಮ ಮಾತೂ ಇದಕ್ಕೆ ದೂರವಿಲ್ಲ; ಮಾಡಿದ್ದನ್ನು ಅರಿತವನೇ ಕೃತಜ್ಞ. ಎರಡು ಭಾಷೆಗಳಲ್ಲಿಯೂ ಮೊದಲು ಬೇಕಾದದ್ದು ಅರಿವು, ಆಮೇಲೆ ಮಾತು.

ಮರುಭೂಮಿಯ ಗೊಣಗಾಟ

ಯೆಹೂದ್ಯರ ಗ್ರಂಥಗಳು ತಮ್ಮ ಪೂರ್ವಿಕರ ಗೊಣಗಾಟವನ್ನು ಮುಚ್ಚಿಡುವುದಿಲ್ಲ. ಐಗುಪ್ತದ ದಾಸ್ಯದಿಂದ ಬಿಡುಗಡೆಯಾಗಿ ಮರುಭೂಮಿಯಲ್ಲಿ ನಡೆಯುತ್ತಿದ್ದ ಇಸ್ರಾಯೇಲರಿಗೆ ಪ್ರತಿ ಮುಂಜಾನೆ ಮನ್ನವೆಂಬ ಆಹಾರ ನೆಲದ ಮೇಲೆ ದೊರೆಯುತ್ತಿತ್ತು. ಅದನ್ನು ತಿಂದೂ ತಿಂದೂ ಬೇಸತ್ತು ಜನರು ಅತ್ತುದನ್ನು ಅರಣ್ಯಕಾಂಡದ 11ನೆಯ ಅಧ್ಯಾಯ ಹೇಳುತ್ತದೆ. ಅವರಿಗೆ ನೆನಪಾದದ್ದೇನು? ಐಗುಪ್ತದ ಮೀನು, ಸೌತೆಕಾಯಿ, ಕರಬೂಜ, ಈರುಳ್ಳಿ, ಬೆಳ್ಳುಳ್ಳಿ. ಅಲ್ಲಿ ಮೀನು ಪುಕ್ಕಟೆಯಾಗಿ ಸಿಗುತ್ತಿತ್ತೆಂದೂ ಅವರು ಹೇಳಿಕೊಂಡರು!

ಪರಸ್ಥಳದಲ್ಲಿ ಕುಳಿತು ಊರಿನ ಜೋಳದ ರೊಟ್ಟಿಯನ್ನೋ ಮುದ್ದೆ ಸಾರನ್ನೋ ನೆನೆಯುವ ನಮಗೆ ಈ ಹಂಬಲ ಅರ್ಥವಾಗದ್ದಲ್ಲ. ಊರಿನ ಊಟವನ್ನು ನೆನೆಯುವುದು ತಪ್ಪೂ ಅಲ್ಲ. ಇಲ್ಲಿಯ ತಪ್ಪು ಬೇರೆ. ಈರುಳ್ಳಿ ಬೆಳ್ಳುಳ್ಳಿ ನೆನಪಾದವು; ಇಟ್ಟಿಗೆ ಹೊರಿಸಿದ ಚಾವಟಿ ನೆನಪಾಗಲಿಲ್ಲ. ಗೊಣಗುವ ಮನಸ್ಸಿನ ಲೆಕ್ಕದ ಪುಸ್ತಕ ಇಂಥದು: ಹೋದದ್ದರಲ್ಲಿ ಜಮೆಯ ಕಲಮನ್ನು ಮಾತ್ರ ಬರೆದುಕೊಳ್ಳುತ್ತದೆ, ಇರುವುದರಲ್ಲಿ ಖರ್ಚಿನ ಕಲಮನ್ನು ಮಾತ್ರ. ಇಂಥ ಪುಸ್ತಕ ಯಾವ ಕಚೇರಿಯಲ್ಲಿಯೂ ತಾಳೆಯಾಗದು.

ಎದ್ದಾಗಿನಿಂದ ಮಲಗುವವರೆಗೆ

ಗೊಣಗಬಾರದೆಂದು ಹೇಳಿದ ಮಾತ್ರಕ್ಕೆ ನಾಲಗೆ ಸುಮ್ಮನಿರುವುದಿಲ್ಲ. ಅದಕ್ಕೆ ಬೇರೊಂದು ಕೆಲಸ ಕೊಡಬೇಕು. ಯೆಹೂದ್ಯರ ಗುರುಗಳು ಮಾಡಿದ್ದು ಇದನ್ನೇ.

ಸಂಪ್ರದಾಯವನ್ನು ಪಾಲಿಸುವ ಯೆಹೂದ್ಯನು ಬೆಳಗ್ಗೆ ಎಚ್ಚರವಾದ ಕೂಡಲೆ, ಹಾಸಿಗೆಯಲ್ಲಿರುವಾಗಲೇ, 'ಮೋದೆ ಅನಿ' ಎಂಬ ಚಿಕ್ಕ ಪ್ರಾರ್ಥನೆಯನ್ನು ಹೇಳುತ್ತಾನೆ. ಹೆಂಗಸರು ಇದನ್ನೇ 'ಮೋದಾ ಅನಿ' ಎನ್ನುವರು. ನಿದ್ರೆಯಲ್ಲಿ ಒಪ್ಪಿಸಿದ್ದ ಪ್ರಾಣವನ್ನು ಕರುಣೆಯಿಂದ ಹಿಂದಿರುಗಿಸಿದ್ದಕ್ಕೆ ಉಪಕಾರ ಸ್ಮರಣೆ, ಇಷ್ಟೇ ಅದರ ಅರ್ಥ. 16ನೆಯ ಶತಮಾನದಲ್ಲಿ ಬಳಕೆಗೆ ಬಂದ ಈ ಪ್ರಾರ್ಥನೆಯಲ್ಲಿ ದೇವರ ಪವಿತ್ರ ನಾಮವನ್ನು ಸೇರಿಸಿಲ್ಲ. ಕೈ ತೊಳೆಯುವ ಮೊದಲು ಆ ನಾಮವನ್ನು ಉಚ್ಚರಿಸಬಾರದೆಂಬ ನಿಯಮವಿರುವುದರಿಂದ ಹೀಗೆ. ಕೈ ತೊಳೆಯುವವರೆಗೂ ಕೃತಜ್ಞತೆಯನ್ನು ತಡೆದಿಡಬೇಕಿಲ್ಲವೆಂಬುದು ತಾತ್ಪರ್ಯ.

ಮುಂದಿನದನ್ನು ಕೇಳಿದರೆ ಕೆಲವರಿಗೆ ಸೋಜಿಗವೆನಿಸೀತು. ಶೌಚಕ್ಕೆ ಹೋಗಿಬಂದು ಕೈ ತೊಳೆದ ಮೇಲೆಯೂ ಒಂದು ವಂದನೆಯುಂಟು. ದೇಹದಲ್ಲಿ ತೆರೆದಿರಬೇಕಾದ ದ್ವಾರವೊಂದು ಮುಚ್ಚಿದರೆ, ಮುಚ್ಚಿರಬೇಕಾದುದು ತೆರೆದರೆ ಮನುಷ್ಯನು ಬದುಕಲಾರನೆಂಬುದನ್ನು ಆಗ ನೆನೆಯುತ್ತಾರೆ. ಇದು ಹಾಸ್ಯವೆಂದು ಕಾಣುವವರು ಆಸ್ಪತ್ರೆಯಲ್ಲಿ ಮಲಗಿ ಬಂದವರನ್ನು ಕೇಳಬಹುದು. ದೇಹ ನೆಟ್ಟಗಿದ್ದಾಗ ನಾವು ಅದನ್ನು ನೆನೆಯುವುದೇ ಇಲ್ಲ. ಕೆಟ್ಟಾಗ ಬೇರೊಂದನ್ನು ನೆನೆಯಲು ಬಿಡುವಿರುವುದಿಲ್ಲ.

ಊಟಕ್ಕೆ ಮೊದಲು ರೊಟ್ಟಿಗೆ ಒಂದು ವಂದನೆ, ಮರದ ಹಣ್ಣಿಗೆ ಒಂದು, ನೆಲದಲ್ಲಿ ಬೆಳೆದ ಕಾಯಿಪಲ್ಯಕ್ಕೆ ಮತ್ತೊಂದು. ಊಟವಾದ ಮೇಲೆ ದೊಡ್ಡ ವಂದನೆ. ಹಸಿದಾಗ ದೇವರನ್ನು ಕರೆಯುವುದು ಸುಲಭ. ಹೊಟ್ಟೆ ತುಂಬಿದವನು ಮರೆಯುವುದು ಹೆಚ್ಚು. ಆದಕಾರಣ ಉಂಡು ತೃಪ್ತನಾದ ಮೇಲೆ ಸ್ಮರಿಸಬೇಕೆಂಬ ವಿಧಿಯೇ ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿದೆ. ಇವಲ್ಲದೆ ಮಿಂಚನ್ನು ಕಂಡರೆ, ಮಳೆಬಿಲ್ಲನ್ನು ಕಂಡರೆ, ವಸಂತದಲ್ಲಿ ಹೂಬಿಟ್ಟ ಹಣ್ಣಿನ ಮರವನ್ನು ಕಂಡರೆ ಬೇರೆ ಬೇರೆ ವಂದನೆಗಳುಂಟು.

ಎರಡನೆಯ ಶತಮಾನದ ರಬ್ಬಿ ಮೇಯಿರನು ದಿನಕ್ಕೆ ನೂರು ವಂದನೆಗಳನ್ನು ಹೇಳಬೇಕೆಂದು ವಿಧಿಸಿದನೆಂದು ತಾಲ್ಮುದ್ ಗ್ರಂಥದಲ್ಲಿದೆ. ವಾರದ ದಿನಗಳಲ್ಲಿ ಮೂರು ಹೊತ್ತಿನ ಮುಖ್ಯ ಪ್ರಾರ್ಥನೆಯಿಂದಲೇ 57 ಆಗುತ್ತವೆ. ಸಬ್ಬತ್ ದಿನದ ಪ್ರಾರ್ಥನೆಯಲ್ಲಿ ಸಂಖ್ಯೆ ಇಳಿಯುವುದರಿಂದ, ಒಬ್ಬ ಗುರುವು ಆ ದಿನ ಪರಿಮಳ ದ್ರವ್ಯಗಳನ್ನು ಮೂಸಿ, ರುಚಿಯಾದ ತಿನಿಸುಗಳನ್ನು ತಿಂದು ಲೆಕ್ಕ ತುಂಬಿಸುತ್ತಿದ್ದನಂತೆ! ನೂರು ಎಂಬ ಲೆಕ್ಕವಿಟ್ಟುಕೊಂಡವನು ದಿನವಿಡೀ ಒಳ್ಳೆಯದನ್ನು ಹುಡುಕುತ್ತಲೇ ಇರಬೇಕಾಗುತ್ತದೆ.

ದುಡಿಯುವವನಿಗೆ ರಿಯಾಯಿತಿ

ಇಷ್ಟೆಲ್ಲ ಹೇಳುತ್ತ ಕುಳಿತರೆ ಕೆಲಸ ಯಾವಾಗ ಮಾಡುವುದು ಎಂದು ಓದುಗರು ಕೇಳಬಹುದು. ಆ ಗುರುಗಳೂ ಕೇಳಿಕೊಂಡಿದ್ದರು. ಕೂಲಿಗೆ ದುಡಿಯುವವನು ಊಟದ ನಂತರದ ದೊಡ್ಡ ವಂದನೆಯನ್ನು ಮೊಟಕು ಮಾಡಿ ಹೇಳಬೇಕು, ಏಕೆಂದರೆ ಆ ಹೊತ್ತು ಕೂಲಿ ಕೊಡುವವನದು. ಯಜಮಾನನು ತಾನೂ ಜತೆಗೆ ಕುಳಿತು ಉಂಡರೆ, ಇಲ್ಲವೆ ಊಟವನ್ನೇ ಕೂಲಿಯಾಗಿ ಕೊಟ್ಟಿದ್ದರೆ ಮಾತ್ರ ಪೂರ್ತಿ ಹೇಳಬಹುದು. ಮರದ ಮೇಲೆಯೋ ಕಟ್ಟುತ್ತಿರುವ ಗೋಡೆಯ ಮೇಲೆಯೋ ಇರುವ ಕೆಲಸಗಾರನು ಅಲ್ಲಿಂದಲೇ ನಿತ್ಯದ ಶ್ರದ್ಧಾವಾಕ್ಯವನ್ನು ಹೇಳಬಹುದು, ಇಳಿದು ಬರಬೇಕಿಲ್ಲ. ಕೃತಜ್ಞತೆಯ ಹೆಸರಿನಲ್ಲಿ ಇನ್ನೊಬ್ಬನ ಹೊತ್ತನ್ನು ಕದಿಯಬಾರದೆಂಬ ಈ ಎಚ್ಚರ ಮೆಚ್ಚತಕ್ಕದ್ದು.

ಮನುಷ್ಯರಿಗೆ ಸಲ್ಲಬೇಕಾದದ್ದು

ದೇವರಿಗೆ ನೂರು ಸಲ ವಂದಿಸಿ, ಅನ್ನ ಬಡಿಸಿದವರ ಕಡೆ ತಿರುಗಿಯೂ ನೋಡದವನ ಕೃತಜ್ಞತೆ ಎಂಥದು? ತಾಲ್ಮುದಿನಲ್ಲಿ ಬೆನ್ ಝೋಮಾ ಎಂಬ ಜ್ಞಾನಿಯ ವಿಚಾರವೊಂದಿದೆ. ಜನಸಂದಣಿಯನ್ನು ಕಂಡಾಗ ಅವನಿಗೆ ನೂಕುನುಗ್ಗಲು ಕಾಣಲಿಲ್ಲ. ಆದಿಮಾನವನು ಒಂದು ತುತ್ತು ರೊಟ್ಟಿ ತಿನ್ನಬೇಕಾದರೆ ತಾನೇ ಉಳಬೇಕಾಗಿತ್ತು, ಬಿತ್ತಬೇಕಾಗಿತ್ತು, ಕೊಯ್ದು, ಒಕ್ಕಿ, ತೂರಿ, ಬೀಸಿ, ಕಲಸಿ, ಸುಡಬೇಕಾಗಿತ್ತು. ತಾನಾದರೋ ಎದ್ದಾಗ ಇದೆಲ್ಲ ಸಿದ್ಧವಾಗಿರುತ್ತದೆ ಎಂದು ಅವನು ಯೋಚಿಸಿದನು. ಬಟ್ಟೆಯ ವಿಷಯದಲ್ಲಿಯೂ ಹಾಗೆಯೇ. ಬೆಳಗಿನ ರೈಲಿನ ಜನಜಂಗುಳಿಯಲ್ಲಿ ನಿಂತಿರುವಾಗ ಈ ವಿಚಾರವನ್ನು ಮಾಡಿನೋಡಬಹುದು. ಪಕ್ಕದಲ್ಲಿ ಮೊಣಕೈ ತಾಗಿಸಿ ನಿಂತವನು ನಮ್ಮ ಬಟ್ಟೆಯ ನೂಲು ತೆಗೆದವನಾಗಿರಬಹುದು, ನಮ್ಮ ಟಪಾಲನ್ನು ವಿಂಗಡಿಸಿದವನಾಗಿರಬಹುದು.

ಅವನೇ ಇಬ್ಬರು ಅತಿಥಿಗಳ ವಿಷಯವನ್ನೂ ಹೇಳಿದ್ದಾನೆ. ಒಳ್ಳೆಯ ಅತಿಥಿಯು ಮನೆಯವನು ತನಗಾಗಿ ಎಷ್ಟು ಶ್ರಮಪಟ್ಟನೆಂದು ಎಣಿಸುತ್ತಾನೆ. ಕೆಟ್ಟ ಅತಿಥಿಯು ತಾನು ತಿಂದದ್ದು ಒಂದೇ ತುಂಡು, ಕುಡಿದದ್ದು ಒಂದೇ ಲೋಟ, ಮನೆಯವನು ಮಾಡಿದ್ದೆಲ್ಲ ಅವನ ಹೆಂಡತಿ ಮಕ್ಕಳಿಗಾಗಿಯೇ ಎನ್ನುತ್ತಾನೆ. ಊರಿನಿಂದ ಹೊಸದಾಗಿ ಬಂದಾಗ ನೆಂಟರ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ತಿಂಗಳುಗಟ್ಟಲೆ ಇದ್ದವರು ನಮ್ಮಲ್ಲಿ ಅನೇಕರು. ಆ ನೆಂಟರ ಮಾತು ಬಂದಾಗ ನಾವು ಯಾವ ಅತಿಥಿಯಂತೆ ಮಾತನಾಡುತ್ತೇವೆ?

ಉಪಕಾರ ಮಾಡಿದ ವಸ್ತುವನ್ನೂ ಮರೆಯಬಾರದೆಂದು ಅವರು ಮೋಶೆಯ ಕಥೆಯಿಂದ ಕಲಿಸುತ್ತಾರೆ. ಕೂಸಾಗಿದ್ದಾಗ ಅವನನ್ನು ಬುಟ್ಟಿಯಲ್ಲಿಟ್ಟು ನೈಲ್ ನದಿಯ ಅಂಚಿನಲ್ಲಿ ಬಿಟ್ಟಿದ್ದರು. ನದಿ ಅವನನ್ನು ಕಾಪಾಡಿತು. ಮುಂದೆ ಆ ನದಿಯ ನೀರು ರಕ್ತವಾಗಬೇಕಾದಾಗ ಕೋಲನ್ನು ಚಾಚಿದವನು ಮೋಶೆಯಲ್ಲ, ಅವನ ಅಣ್ಣ ಆರೋನ. ತನ್ನನ್ನು ಕಾಪಾಡಿದ ನೀರಿನ ಮೇಲೆ ಮೋಶೆ ಕೈ ಎತ್ತಬಾರದಾಗಿತ್ತು ಎಂಬುದು ಗುರುಗಳ ವ್ಯಾಖ್ಯಾನ. ನೀರಿಗೆ ನೋವಿಲ್ಲ; ಹೊಡೆದ ಕೈ ಮಾತ್ರ ಒರಟಾಗುತ್ತದೆ. ಉಂಡ ಮನೆಗೆ ಎರಡು ಬಗೆಯಬಾರದೆಂಬ ನಮ್ಮ ಗಾದೆಯೂ ಇದೇ ದಾರಿಯದು.

ರಬ್ಬಿ ಅಕೀವನ ಕಥೆ ನಮ್ಮಂಥವರ ಎದೆಗೆ ಇನ್ನೂ ಹತ್ತಿರ. ಅವನು ಕುರಿ ಕಾಯುವವನಾಗಿದ್ದನು. ಯಜಮಾನನ ಮಗಳು ಅವನ ಗುಣವನ್ನು ಮೆಚ್ಚಿ ಮದುವೆಯಾಗಿ, ತಂದೆಯ ಸಿರಿಯನ್ನು ಕಳೆದುಕೊಂಡು, ಓದಲೆಂದು ಗಂಡನನ್ನು ದೂರಕ್ಕೆ ಕಳುಹಿಸಿದಳು. ಹನ್ನೆರಡು ವರ್ಷ, ಮತ್ತೆ ಹನ್ನೆರಡು ವರ್ಷ ಅವನು ಹೊರಗಿದ್ದನು. ಅವಳು ಬಡತನದಲ್ಲಿ ಕಾದಳು. ಅವನು 24,000 ಶಿಷ್ಯರೊಡನೆ ಹಿಂದಿರುಗಿದಾಗ ಅವಳು ಉಟ್ಟ ಬಟ್ಟೆಯಲ್ಲಿಯೇ ಎದುರುಗೊಳ್ಳಲು ಬಂದಳು. ಶಿಷ್ಯರು ಯಾರೋ ಬಡವಿಯೆಂದು ತಳ್ಳಹೋದರು. ಅಕೀವನು ಅವರನ್ನು ತಡೆದು, ತನ್ನಲ್ಲಿರುವ ವಿದ್ಯೆಯೂ ಅವರಲ್ಲಿರುವ ವಿದ್ಯೆಯೂ ಅವಳದೇ ಎಂದು ತಿಳಿಸಿದನು. ತಿಂಗಳ ಮೊದಲ ವಾರದಲ್ಲಿ ಊರಿಗೆ ಹಣ ಕಳುಹಿಸುವಾಗ ಕೊಡುವವರು ನಾವೆಂದೇ ನಮಗೆ ಅನಿಸುತ್ತದೆ. ಅಲ್ಲಿ ಮನೆ, ಮಕ್ಕಳು, ಮುದಿ ತಂದೆತಾಯಿಯರನ್ನು ನೋಡಿಕೊಂಡಿರುವವಳು ನಮಗೆ ಕೊಡುತ್ತಿರುವುದಕ್ಕೆ ರಸೀದಿಯಿಲ್ಲ.

ಬಡವನ ಬುಟ್ಟಿ

ಜೆರೂಸಲೇಮಿನಲ್ಲಿ ದೇವಾಲಯವಿದ್ದ ಕಾಲದಲ್ಲಿ ರೈತರು ಪ್ರಥಮ ಫಲವನ್ನು ಅಲ್ಲಿಗೆ ತರುತ್ತಿದ್ದರು. ಆ ಪದ್ಧತಿಯನ್ನು ಮಿಷ್ನಾ ಗ್ರಂಥವು ವಿವರಿಸುತ್ತದೆ. ಹೊಲದಲ್ಲಿ ಮೊದಲು ಹಣ್ಣಾದ ಅಂಜೂರವನ್ನು ಕಂಡರೆ ರೈತನು ಅದಕ್ಕೆ ನಾರು ಕಟ್ಟಿ ಗುರುತು ಮಾಡಿಕೊಳ್ಳುವನು. ಸಿರಿವಂತರದು ಬೆಳ್ಳಿ ಬಂಗಾರದ ಬುಟ್ಟಿ, ಬಡವರದು ಬೆತ್ತದ ಬುಟ್ಟಿ. ಅವರು ನಗರವನ್ನು ಹೊಕ್ಕಾಗ ಅಲ್ಲಿನ ಕುಶಲಕರ್ಮಿಗಳು ಕೈಯ ಕೆಲಸವನ್ನು ಬಿಟ್ಟು ಎದ್ದುನಿಂತು, ಊರಿನ ಹೆಸರು ಹೇಳಿ, ಅಣ್ಣತಮ್ಮಂದಿರೆಂದು ಕರೆದು ಸ್ವಾಗತಿಸುತ್ತಿದ್ದರು.

ಬುಟ್ಟಿಯನ್ನು ಒಪ್ಪಿಸುವಾಗ ಪ್ರತಿಯೊಬ್ಬನೂ ತನ್ನ ಪೂರ್ವಿಕರು ನೆಲೆಯಿಲ್ಲದೆ ಅಲೆದದ್ದನ್ನೂ ದಾಸ್ಯದಿಂದ ಪಾರಾದದ್ದನ್ನೂ ಹೇಳಬೇಕಾಗಿತ್ತು. ಮೊದಲು ಓದು ಬಲ್ಲವರು ತಾವೇ ಹೇಳುತ್ತಿದ್ದರು; ಬಾರದವರಿಗೆ ಇನ್ನೊಬ್ಬರು ಹೇಳಿಕೊಡುತ್ತಿದ್ದರು. ಇದರಿಂದ ಓದು ಬಾರದವರು ನಾಚಿ, ಫಲ ತರುವುದನ್ನೇ ಬಿಟ್ಟರು. ಆಗ ಗುರುಗಳು ನಿಯಮವನ್ನು ಬದಲಿಸಿ, ಬಲ್ಲವರಿಗೂ ಬಾರದವರಿಗೂ ಒಂದೇ ಸಮನಾಗಿ ಹೇಳಿಕೊಡುವಂತೆ ಮಾಡಿದರು. ಉಪಕಾರ ಸ್ಮರಣೆಯ ಜಾಗದಲ್ಲಿ ಯಾರೊಬ್ಬನೂ ತಲೆ ತಗ್ಗಿಸುವಂತಾಗಬಾರದು. ಉಚಿತ ವಾಚನಾಲಯ ನಡೆಸುವ ನಮಗೆ ಈ ನಿಯಮ ನೆನಪಿನಲ್ಲಿರತಕ್ಕದ್ದು.

ಹಾಗಾದರೆ ಅನ್ಯಾಯವನ್ನೂ ಸಹಿಸಬೇಕೇ?

ಪಾಠದ ಕಠಿಣ ಭಾಗವಿದು. ಪೂರ್ವ ಯುರೋಪಿನ ಯೆಹೂದ್ಯರಲ್ಲಿ ಒಂದು ಜನಪದ ಕಥೆಯಿದೆ. ಒಂದೇ ಕೋಣೆಯಲ್ಲಿ ದೊಡ್ಡ ಸಂಸಾರ ಹೂಡಿದ ಬಡವನು ಇಕ್ಕಟ್ಟು ತಾಳಲಾರದೆ ಗುರುವಿನ ಬಳಿಗೆ ಹೋದನು. ಕೋಳಿಗಳನ್ನು ಒಳಗೆ ಬಿಟ್ಟುಕೋ ಎಂದು ಗುರು ಹೇಳಿದನು. ಮಾರನೆಯ ವಾರ ಆಡನ್ನು, ಆಮೇಲೆ ಆಕಳನ್ನು. ಬಡವನು ಹುಚ್ಚು ಹಿಡಿದವನಂತಾದಾಗ ಎಲ್ಲವನ್ನೂ ಹೊರಗಟ್ಟು ಎಂದನು. ಅಟ್ಟಿದ ಮೇಲೆ ಅದೇ ಕೋಣೆ ಅರಮನೆಯಂತೆ ಕಂಡಿತು.

ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಇರುವ ನಾವು ಈ ಕಥೆಗೆ ಮನಸಾರೆ ನಗಬಹುದು. ಬಡವನು ತನಗೆ ತಾನೇ ಹೇಳಿಕೊಂಡರೆ ಇದು ಒಳ್ಳೆಯ ಕಥೆ. ಇದನ್ನೇ ಕೋಣೆಯ ಮಾಲಿಕನು ಬಾಡಿಗೆ ವಸೂಲಿಗೆ ಬಂದಾಗ ಹೇಳಿದರೆ? ಆಗ ಅದು ಬೇರೆಯೇ ಕಥೆ. ಆಡು ಹೊರಗೆ ಹೋದರೂ ಕೋಣೆ ಅಂಗುಲದಷ್ಟೂ ಅಗಲವಾಗಿಲ್ಲ.

ಯೆಹೂದ್ಯ ಗ್ರಂಥಗಳು ಈ ಭೇದವನ್ನು ಬಲ್ಲವು. ಐಗುಪ್ತದಲ್ಲಿ ದಾಸ್ಯದ ಭಾರಕ್ಕೆ ನರಳಿದವರ ಕೂಗನ್ನು ಗೊಣಗಾಟವೆನ್ನಲಿಲ್ಲ. ಅದನ್ನು ದೇವರು ಕೇಳಿದನೆಂದೇ ಇದೆ. ಚಲ್ಪಹಾದನೆಂಬವನು ಗಂಡು ಮಕ್ಕಳಿಲ್ಲದೆ ಸತ್ತಾಗ ಅವನ ಐವರು ಹೆಣ್ಣುಮಕ್ಕಳು ಸಭೆಯೆದುರು ನಿಂತು ತಂದೆಯ ಪಾಲು ತಮಗೇಕಿಲ್ಲವೆಂದು ಕೇಳಿದರು. ಅವರು ಹೇಳುವುದು ಸರಿಯೆಂದು ತೀರ್ಮಾನವಾಗಿ ಕಟ್ಟಳೆಯೇ ಬದಲಾಯಿತು. ಬಡ ಕೂಲಿಯವನಿಗೆ, ಅವನು ಸ್ವದೇಶಿಯಾಗಲಿ ಪರದೇಶಿಯಾಗಲಿ, ಹೊತ್ತು ಮುಳುಗುವ ಮೊದಲೇ ಆ ದಿನದ ಕೂಲಿ ಕೊಡಬೇಕೆಂದೂ, ಕೊಡದಿದ್ದರೆ ಅವನ ಮೊರೆ ದೇವರಿಗೆ ಮುಟ್ಟುವುದೆಂದೂ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ಎಚ್ಚರಿಸುತ್ತದೆ.

ವ್ಯತ್ಯಾಸ ಇಷ್ಟು. ಮೊರೆಗೆ ವಿಳಾಸವುಂಟು, ಅದು ಕೊಡಬೇಕಾದವನ ಬಾಗಿಲಿಗೆ ಹೋಗುತ್ತದೆ, ಏನು ಬೇಕೆಂದು ಹೇಳುತ್ತದೆ. ಗೊಣಗಾಟಕ್ಕೆ ವಿಳಾಸವಿಲ್ಲ, ಸಿಕ್ಕಿದವರ ಮುಂದೆ ಹರಿದುಹೋಗುತ್ತದೆ. ಸಂಬಳ ತಡವಾದರೆ ಅರ್ಜಿ ಬರೆಯಿರಿ, ಸಂಘದಲ್ಲಿ ಮಾತನಾಡಿರಿ. ಆ ಸಿಟ್ಟನ್ನು ಊಟ ಬಡಿಸುವ ಹುಡುಗನ ಮೇಲೆ ತೀರಿಸಿಕೊಂಡರೆ ಸಂಬಳವೂ ಬಾರದು, ಊಟವೂ ರುಚಿಸದು. ಪಾಸ್ಕ ಹಬ್ಬದ ರಾತ್ರಿ ಯೆಹೂದ್ಯರು ಹಾಡುವ 'ದಯೇನು' ಎಂಬ ಹಾಡಿನಲ್ಲಿ ಬಿಡುಗಡೆಯ ದಾರಿಯ ಒಂದೊಂದು ಮೆಟ್ಟಿಲನ್ನೂ ಎಣಿಸಿ, ಅಷ್ಟಾದರೂ ಸಾಕಾಗುತ್ತಿತ್ತೆಂದು ಕೊಂಡಾಡುತ್ತಾರೆ. ಆದರೆ ಯಾವ ಮೆಟ್ಟಿಲಿನಲ್ಲಿಯೂ ಅವರು ಕುಳಿತುಬಿಡಲಿಲ್ಲ. ಮುಂದಿನದಕ್ಕೆ ಕಾಲಿಟ್ಟರು.

ನಮ್ಮ ನೆರೆಯವರೇ ಆದ ಬೆನೆ ಇಸ್ರೇಲರು

ಇದೆಲ್ಲ ದೂರದ ಮಾತಲ್ಲ. ಕೊಂಕಣ ಕರಾವಳಿಯಲ್ಲಿ ಬಹುಕಾಲದಿಂದ ನೆಲೆಸಿ ಮರಾಠಿಯಾಡುತ್ತ ಬಂದ ಯೆಹೂದ್ಯರಿಗೆ ಬೆನೆ ಇಸ್ರೇಲರೆಂದು ಹೆಸರು. ಎಣ್ಣೆ ಗಾಣದ ಕಸುಬಿನವರಾಗಿ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಜನರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಹಳ್ಳಿಗಳ ಹೆಸರಿನಿಂದ ದಿವೇಕರ, ಕೇಹಿಮಕರ ಮೊದಲಾದ ಅಡ್ಡಹೆಸರುಗಳು ಬಂದವು. ಮುಂದೆ ಅವರೂ ನಮ್ಮ ಹಾಗೆ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದರು. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ತೆರಳಿದ್ದಾರೆ. ಇಲ್ಲಿ ಉಳಿದವರು ಕೆಲವೇ ಸಾವಿರ.

ಅವರಲ್ಲಿ 'ಮಲಿದಾ' ಎಂಬ ಕೃತಜ್ಞತೆಯ ವಿಧಿಯುಂಟು. ಹೊಸ ಮನೆ ಹೊಕ್ಕಾಗ, ಮದುವೆಯ ಹೊತ್ತಿನಲ್ಲಿ, ಕಾಯಿಲೆ ವಾಸಿಯಾದಾಗ, ಹರಕೆ ಈಡೇರಿದಾಗ ಎಲೀಯ ಪ್ರವಾದಿಯನ್ನು ನೆನೆದು ಇದನ್ನು ನಡೆಸುವರು. ತಟ್ಟೆಯಲ್ಲಿ ಏನಿರುತ್ತದೆ ಗೊತ್ತೇ? ನಮ್ಮ ಅವಲಕ್ಕಿಯೇ! ಸಿಹಿ ಬೆರೆಸಿ, ಕಾಯಿತುರಿ ಹಾಕಿ, ಸುತ್ತಲೂ ಬಗೆಬಗೆಯ ಹಣ್ಣು ಇಡುತ್ತಾರೆ. ಅಲಿಬಾಗಿನ ಹತ್ತಿರದ ಖಂಡಾಳೆ ಎಂಬ ಹಳ್ಳಿಗೆ ಪ್ರವಾದಿಯು ಬಂದುಹೋದನೆಂಬ ನಂಬಿಕೆಯಿಂದ ಅಲ್ಲಿಗೂ ಯಾತ್ರೆ ಹೋಗುವುದುಂಟು.

ಕನ್ನಡ ನಾಡಿಗೂ ಇದಕ್ಕೂ ಒಂದು ನಂಟಿದೆ. ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ ಎಂಬ ಬೆನೆ ಇಸ್ರೇಲ ಅಧಿಕಾರಿ ಕಂಪನಿಯ ಸೈನ್ಯದಲ್ಲಿದ್ದು, ಮೈಸೂರಿನ ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾದನೆಂದೂ, ಜೀವಸಹಿತ ಬಿಡುಗಡೆಯಾದರೆ ಪ್ರಾರ್ಥನಾಲಯ ಕಟ್ಟಿಸುವೆನೆಂದು ಹರಕೆ ಹೊತ್ತನೆಂದೂ ಸಂಪ್ರದಾಯ ಹೇಳುತ್ತದೆ. ಆ ಹರಕೆಯಂತೆ 1796ರಲ್ಲಿ ಮುಂಬಯಿಯ ಮೊದಲ ಯೆಹೂದ್ಯ ಪ್ರಾರ್ಥನಾಲಯವಾಯಿತು. ಅದರ ಹೆಸರಿನ ಅರ್ಥ ಕರುಣೆಯ ಬಾಗಿಲು. ನಮ್ಮಲ್ಲಿ ಅನೇಕರು ದಿನವೂ ದಾಟುವ ಮಸ್ಜಿದ್ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದು ಈ ಆಲಯದಿಂದಲೇ ಎಂದು ಹೇಳುವುದುಂಟು. ಸೆರೆಯಲ್ಲಿದ್ದಾಗ ಹರಕೆ ಹೊರುವವರು ಬಹಳ ಮಂದಿ. ಬಿಡುಗಡೆಯಾಗಿ ವರ್ಷಗಳು ಕಳೆದ ಮೇಲೂ ಅದನ್ನು ನೆನಪಿಟ್ಟು ನಡೆಸಿದ್ದು ದಿವೇಕರನ ಹಿರಿಮೆ.

ಮಾಡಿನೋಡಲು, ವಿಚಾರ ಮಾಡಲು

ಸಾಮೂಹಿಕ ಪ್ರಾರ್ಥನೆಯನ್ನು ಮುಂದಾಳು ಎಲ್ಲರ ಪರವಾಗಿ ಪುನಃ ಹೇಳುವಾಗ, ಉಪಕಾರ ಸ್ಮರಣೆಯ ಭಾಗ ಬಂದ ಕೂಡಲೆ ಸಭೆಯವರೆಲ್ಲ ತಾವೂ ಬಾಗಿ ಅದನ್ನು ಬೇರೆಯಾಗಿ ಹೇಳುತ್ತಾರೆ. ಬೇಡಿಕೆಯನ್ನು ಇನ್ನೊಬ್ಬನ ಕೈಯಲ್ಲಿ ಕಳುಹಿಸಬಹುದು, ವಂದನೆಯನ್ನು ಕಳುಹಿಸಲಾಗದು ಎಂದು 14ನೆಯ ಶತಮಾನದ ಸ್ಪೇನ್ ದೇಶದ ಅಬೂದರ್ಹಮ್ ಎಂಬ ಪಂಡಿತನು ಇದಕ್ಕೆ ಕಾರಣ ಕೊಟ್ಟಿದ್ದಾನೆ. ಅದರಂತೆ ಈ ಕೆಳಗಿನವನ್ನು ಓದುಗರು ತಾವೇ ಮಾಡಿನೋಡಬೇಕು.

1. ಏಳು ದಿನ, ಮಲಗುವ ಮುನ್ನ, ಆ ದಿನ ಇನ್ನೊಬ್ಬರ ಕೈಯಿಂದ ನಮಗಾದ ಮೂರು ಉಪಕಾರಗಳನ್ನು ಹೆಸರು ಸಹಿತ ಬರೆದಿಡಿರಿ.

2. ನಿಮ್ಮ ಈಗಿನ ದೂರುಗಳನ್ನು ಎರಡು ಪಟ್ಟಿ ಮಾಡಿರಿ: ವಿಳಾಸವಿರುವವು, ವಿಳಾಸವಿಲ್ಲದವು. ಮೊದಲ ಪಟ್ಟಿಯಲ್ಲಿ ಒಂದಕ್ಕಾದರೂ ಈ ವಾರ ಅರ್ಜಿ ಬರೆಯಿರಿ. ಬರೆಯಲು ಬಾರದವರಿಗೆ ವಾಚನಾಲಯದಲ್ಲಿ ಯಾರಾದರೂ ಬರೆದುಕೊಟ್ಟಾರು.

3. ಊರಿಗೆ ಬರೆಯುವ ಮುಂದಿನ ಕಾಗದದಲ್ಲಿ ಹಣದ ಮಾತಿಗೆ ಮೊದಲು, ಮನೆಯವರು ಮಾಡುತ್ತಿರುವ ಒಂದು ಕೆಲಸವನ್ನು ಹೆಸರಿಸಿ ನೆನೆಯಿರಿ.

4. ಉಪಕಾರ ಮಾಡಿದವರೇ ಅನ್ಯಾಯವನ್ನೂ ಮಾಡಿದರೆ, ಎರಡನ್ನೂ ಮರೆಯದೆ ನಡೆದುಕೊಳ್ಳುವುದು ಹೇಗೆ? ಇದಕ್ಕೆ ಸಿದ್ಧ ಉತ್ತರ ನಮ್ಮಲ್ಲಿಲ್ಲ. ಕೂಡಿ ಕುಳಿತು ಮಾತನಾಡೋಣ.